ಮಾವನ ಎದುರು ಮಾತ್ರ ಉರಿಯುವ ಫರ್ನೇಸು

"ನಮ್ಮ ನಾಯಿ ಗೂಡು ಇವನ ಮನೆಗಿಂತ ಬೆಚ್ಚಗಿದೆ ಕಣ್ರಯ್ಯಾ. ಸುಳ್ಳಲ್ಲ, ನಾನೇ ಎರಡು ಕಡೆನೂ ಕೈಯಿಟ್ಟು ನೋಡಿದ್ದೀನಿ."

ನನ್ನ ಮಾವ ಕ್ಲೈಡ್ ಟ್ರೆವಾರೋ ಈ ಮಾತು ಹೇಳಿದ್ದು ಶನಿವಾರ ಸಂಜೆ, ಪಕ್ಕದ ಮನೆಯ ಆರ್ಮಸ್ ಹಿಯೆತಾಲನ ಸೌನಾದಲ್ಲಿ, ಅಂದರೆ ಕಾದ ಕಲ್ಲಿನ ಆವಿಯಲ್ಲಿ ಬೆವರುವ ಮರದ ಕೋಣೆಯಲ್ಲಿ, ನಮ್ಮ ಬೀದಿಯ ಅರ್ಧಕ್ಕರ್ಧ ಗಂಡಸರ ಎದುರು. ಬೇರೆ ಎಲ್ಲೇ ಆಗಿದ್ದರೂ ಕೋಟು ಎತ್ತಿಕೊಂಡು, ಬಾಗಿಲು ಧಡಾರನೆ ಬಡಿದು ಹೊರಟುಬಿಡುತ್ತಿದ್ದೆ. ಸೌನಾದಲ್ಲಿ ಎತ್ತಿಕೊಳ್ಳುವುದಕ್ಕೆ ಏನಿದೆ? ಎಲ್ಲರ ಹಾಗೆ ನಾನೂ ಹುಟ್ಟಿದ ದಿನದ ವೇಷದಲ್ಲಿ ಎಲ್ಲಕ್ಕಿಂತ ಬಿಸಿಯಾದ ಮೇಲಿನ ಹಲಗೆಯ ಮೇಲೆ ಕೂತು ಬೆವರುತ್ತಿದ್ದೆ. ಬೆತ್ತಲೆ ಮನುಷ್ಯನಿಗೆ ಎಂಥ ನ್ಯಾಯವಾದ ಸಿಟ್ಟು ಬಂದರೂ ನೋಡುವವರಿಗೆ ನಗುವೇ ಬರುತ್ತದೆ. ಬಂತು. ಹಲಗೆ ಅಲುಗುವಷ್ಟು ನಕ್ಕರು.

"ನೋಡಿ ನೋಡಿ, ಮೇಲಿನ ಹಲಗೆಯಿಂದ ಇಳೀತಾನಾ ನೋಡಿ" ಎಂದು ಮಾವ ಮುಂದುವರಿಸಿದರು. "ವಾರಕ್ಕೊಂದ್ಸಲ ಇವನಿಗೆ ಮೈ ಬಿಸಿಯಾಗೋದು. ಪಾಪ, ನನ್ನ ಮಗಳಿಗೂ ಆ ಹಸುಗೂಸಿಗೂ ಅದೂ ಇಲ್ಲ."

"ಮಾವ, ಫರ್ನೇಸು ತಾನಾಗೇ ನಿಂತುಹೋಗ್ತಿದೆ. ನಾನು ನಿಲ್ಲಿಸ್ತಿಲ್ಲ."

"ತಾನಾಗೇ! ನಾನು ಬಂದಾಗೆಲ್ಲ ಬುಸ್ ಅಂತ ಉರೀತಿರುತ್ತೆ, ನಾನು ಹೋದ ಮೇಲೆ ತಾನಾಗೇ ನಿಲ್ಲುತ್ತೆ. ಅದಕ್ಕೇನು ನನ್ನ ಕಂಡ್ರೆ ಅಷ್ಟೊಂದು ಗೌರವವಾ? ಅಳಿಯನಿಗೇ ಇಲ್ಲದ್ದು ಅವನ ಫರ್ನೇಸಿಗೆಲ್ಲಿಂದ ಬಂತಪ್ಪಾ?"

ಮತ್ತೆ ನಗು. ನಗದೆ ಇದ್ದವನು ಆರ್ಮಸ್ ಒಬ್ಬನೇ. ಆ ಮುದುಕ ಸೌಟಿನಲ್ಲಿ ನೀರು ಮೊಗೆದು ಕಾದ ಕಲ್ಲುಗಳ ಮೇಲೆ ಚೆಲ್ಲಿ, ಭುಸುಗುಟ್ಟಿದ ಆವಿಯೊಳಗಿಂದ ನನ್ನ ಕಡೆ ನೋಡಿ, "ಮಗು ಹೇಗಿದೆ?" ಎಂದು ಕೇಳಿದ. "ಮೂಗು ತಣ್ಣಗಿರುತ್ತೆ" ಎಂದೆ. "ಹೂಂ" ಎಂದ. ಅವನು ವರ್ಷಕ್ಕೆ ಆಡುವ ಮಾತುಗಳಲ್ಲಿ ಮುಕ್ಕಾಲು ಪಾಲು ಈ 'ಹೂಂ' ಆದ್ದರಿಂದ ನಾನು ಲಕ್ಷ್ಯ ಕೊಡಲಿಲ್ಲ.

ಮಾವನಿಗೆ ಮನೆ ಬಿಸಿಮಾಡುವ ನನ್ನ ಫರ್ನೇಸಿನ ಮೇಲೆ ಹಳೆಯ ದ್ವೇಷ. ಅವರು ಬದುಕಿಡೀ ಕಬ್ಬಿಣದ ಸಾಮಾನಿನ ಅಂಗಡಿ ನಡೆಸಿದವರು. ಈ ಊರಿನ ಯಾವ ಮನೆಗೆ ಯಾವ ಚಿಮಣಿ ಇದೆ, ಅದನ್ನು ಯಾವ ವರ್ಷ ತಮ್ಮ ಅಂಗಡಿಯಿಂದ ಕೊಂಡರು ಎನ್ನುವುದೆಲ್ಲ ಅವರ ಬಾಯಲ್ಲಿದೆ. ನಾನೋ ಹತ್ತನೆಯ ತರಗತಿಯಲ್ಲೇ ಶಾಲೆಗೆ ಬೆನ್ನು ತಿರುಗಿಸಿ ಟೈರಿನ ಅಂಗಡಿ ಸೇರಿದವನು. ಮಾರ್ನಿಯನ್ನು ಮದುವೆಯಾಗಿ, ಗಣಿ ಕಾಲದ ಹಳೇ ಮನೆಯೊಂದನ್ನು ಕೊಂಡು, ಅದರ ನೆಲಮಾಳಿಗೆಯಲ್ಲಿದ್ದ ಆನೆಗಾತ್ರದ ಹಳೇ ಒಲೆಯನ್ನು ಒಡೆದು ಹೊರಗೆಸೆದು, ಹೊಸ ಮಾದರಿಯ ಗ್ಯಾಸ್ ಫರ್ನೇಸನ್ನು ನಾನೇ ಕೂರಿಸಿದೆ. ಇದಕ್ಕೆ ಚಿಮಣಿ ಬೇಡ. ಎರಡು ಬಿಳಿ ಪ್ಲಾಸ್ಟಿಕ್ ಕೊಳವೆಗಳು ಗೋಡೆ ತೂರಿಕೊಂಡು ಹೊರಗೆ ಹೋಗುತ್ತವೆ. ಒಂದರಲ್ಲಿ ಉಸಿರು ಒಳಗೆ, ಇನ್ನೊಂದರಲ್ಲಿ ಹೊರಗೆ. ಪರೀಕ್ಷೆಗೆ ಬಂದ ಕೌಂಟಿ ಸರ್ಕಾರದವನು ಸುತ್ತಲೂ ನೋಡಿ ತಲೆಯಾಡಿಸಿ ಹೋಗಿದ್ದ. ಅಲ್ಲಿಗೆ ಸುಮ್ಮನಿರಬೇಕಿತ್ತು. ಮಗುವಿನ ನಾಮಕರಣದ ಊಟದಲ್ಲಿ ಮಾಂಸ ತುಂಬಿದ ಪ್ಯಾಸ್ಟಿ ಕಡುಬು ಕಡಿಯುತ್ತಾ, "ಚಿಮಣಿ ಎಲ್ಲ ಅಜ್ಜಂದಿರ ಕಾಲಕ್ಕೆ. ನನ್ನದರ ಬಾಯಿಗೆ ಗಾರೆ ಮೆತ್ತಿಬಿಟ್ಟೆ" ಎಂದುಬಿಟ್ಟೆ. ಮಾವನ ಮುಖ ಅವತ್ತು ಹೇಗಾಯಿತೆಂದರೆ, ನಾನು ಗಾರೆ ಮೆತ್ತಿದ್ದು ಅವರ ಬಾಯಿಗೇ ಏನೋ ಎನ್ನುವ ಹಾಗೆ.

ನವೆಂಬರಿನಲ್ಲಿ ಸರೋವರದ ಕಡೆಯಿಂದ ಮೊದಲ ಹಿಮ ಬಂದು ಬಿತ್ತು. ಫರ್ನೇಸು ಕೆಮ್ಮಿತು. ಟಕ್ ಎಂದಿತು. ಕೆಂಪು ದೀಪ ಮಿಟುಕಿಸಿ ನಿಂತಿತು.

ಮೊದಮೊದಲು ಅಪರೂಪಕ್ಕೆ. ಬರಬರುತ್ತಾ ಹಿಮ ಬಿದ್ದ ಬೆಳಗೆಲ್ಲ ಇದೇ ಹಾಡು. ನಾನು ಕೈಕಟ್ಟಿ ಕೂತೆನೇ? ಗಾಳಿ ಸೋಸುವ ಜಾಲರಿ ಬದಲಾಯಿಸಿದೆ. ಜ್ವಾಲೆ ಮೂಸುವ ಕಡ್ಡಿಯನ್ನು ಉಕ್ಕಿನ ನಾರಿನಿಂದ ತಿಕ್ಕಿ ಬೆಳ್ಳಿಯ ಚಮಚದ ಹಾಗೆ ಹೊಳೆಯಿಸಿದೆ. ನೀರು ಇಳಿಯುವ ರಬ್ಬರ್ ನಳಿಕೆಯನ್ನು ಬಿಚ್ಚಿ, ಬಾಯಲ್ಲಿ ಊದಿ, ಒಳಗಿದ್ದದ್ದು ನನ್ನ ಬಾಯಿಗೇ ಬಂದು, ಉಗಿದು, ಮತ್ತೆ ಜೋಡಿಸಿದೆ. ಕೆಂಪು ದೀಪ ಮಿಟುಕಿಸುವ ಲೆಕ್ಕಕ್ಕೆ ಮುಚ್ಚಳದ ಒಳಗೆ ಅರ್ಥ ಬರೆದಿರುತ್ತದೆ. ಗಾಳಿ ಸಾಲುತ್ತಿಲ್ಲ ಎಂದಿತ್ತು. ಗಾಳಿಯ ಒತ್ತಡ ಅಳೆಯುವ ಬಿಲ್ಲೆಯನ್ನೇ ಕಿತ್ತು ಹೊಸದು ಹಾಕಿದೆ. ಒಂದು ಮಧ್ಯಾಹ್ನ ಹೊರಗೆ ಹೋಗಿ, ಆರ್ಮಸ್ ಮನೆಯ ಕಡೆಯ ಗೋಡೆಯ ಹತ್ತಿರ ಸೊಂಟದ ಮಟ್ಟದ ಹಿಮದಲ್ಲಿ ಈಜಿಕೊಂಡು ಕೊಳವೆಗಳನ್ನೂ ನೋಡಿದೆ. ಹಿಮದಲ್ಲಿ ಅಚ್ಚುಕಟ್ಟಾದ ಎರಡು ತೂತು, ಒಂದರಿಂದ ಬೆಚ್ಚನೆಯ ಆವಿ ಧಾರಾಳವಾಗಿ ಬರುತ್ತಿತ್ತು. ಕೊಳವೆಯದೇನೂ ತಪ್ಪಿಲ್ಲವೆಂದು ಹಿಂದಕ್ಕೆ ಈಜಿ ಬಂದೆ.

ದೊಡ್ಡ ಪಾಡೆಂದರೆ, ಇದು ಬೆಳಿಗ್ಗೆ ಸತ್ತು ಮಧ್ಯಾಹ್ನ ತಾನಾಗೇ ಎದ್ದು ಕೂರುತ್ತಿತ್ತು. ಬೆಳಿಗ್ಗೆ ಮಾರ್ನಿ ನನ್ನನ್ನು ಅಂಗಡಿಯಿಂದ ಕರೆಸಿ, ಅಪ್ಪನಿಗೂ ಫೋನು ಮಾಡಿ ಅಳುವಳು. ಮಾವ ತಿಂಡಿ ತಿಂದು, ಸುದ್ದಿ ಕೇಳಿ, ಬೇಕರಿಯಲ್ಲಿ ಕಾಫಿ ಕುಡಿದು, ಹತಾರದ ಪೆಟ್ಟಿಗೆ ಹಿಡಿದು ಬರುವಷ್ಟರಲ್ಲಿ ಫರ್ನೇಸು ಮದುವಣಗಿತ್ತಿಯ ಹಾಗೆ ತಲೆ ತಗ್ಗಿಸಿ ಹಾಡಿಕೊಳ್ಳುತ್ತಿರುತ್ತಿತ್ತು.

"ಇದಕ್ಕೇನಾಗಿದೆಯೋ?"

"ಈಗ ಏನೂ ಆಗಿಲ್ಲ ಮಾವ. ಬೆಳಿಗ್ಗೆ ನಿಂತಿತ್ತು."

"ಬೆಳಿಗ್ಗೆ ನಿಂತಿತ್ತು. ಹೂಂ. ಗ್ಯಾಸಿನ ಬಿಲ್ಲು ಬಂದಿದೆಯಾ ಈ ತಿಂಗಳದ್ದು?"

"ಬಂದಿದೆ. ಅದಕ್ಕೂ ಇದಕ್ಕೂ ಏನು ಸಂಬಂಧ?"

ಮಾವ ಗೋಡೆಯ ಮೇಲಿನ, ಬಿಸಿ ಏರಿಸಿ ಇಳಿಸುವ ಥರ್ಮೋಸ್ಟಾಟನ್ನು ನೋಡಿದರು, ನನ್ನ ಬೆರಳುಗಳನ್ನು ನೋಡಿದರು, ಸೀದಾ ಬೇಕರಿಗೆ ವಾಪಸು ಹೋದರು. ಸಂಜೆಯೊಳಗೆ ಊರಿಗೆಲ್ಲ ವಿಷಯ ಸ್ಪಷ್ಟವಾಯಿತು: ಡೇಲ್ ಕಾಂಗಸ್, ಅಂದರೆ ನಾನು, ಕಾಸು ಉಳಿಸುವುದಕ್ಕೆ ಹೆಂಡತಿ ಮಕ್ಕಳನ್ನು ಚಳಿಯಲ್ಲಿ ಕೆಡವಿದ್ದಾನೆ, ಮಾವ ಬರುವುದು ಕಿಟಕಿಯಲ್ಲಿ ಕಂಡ ಕೂಡಲೇ ಓಡಿಹೋಗಿ ಬಿಸಿ ಹಚ್ಚುತ್ತಾನೆ.

ನಮ್ಮ ಊರಿನಲ್ಲಿ ಶರತ್ಕಾಲ ಮುಗಿಯುವವರೆಗೆ ಫರ್ನೇಸು ಹಚ್ಚದೆ ಹಲ್ಲು ಕಡಿದುಕೊಂಡಿರುವುದು ಗಂಡಸುತನವೆಂದು ಹೆಸರು. ನವೆಂಬರ್ ನಡುವಿನ ಜಿಂಕೆ ಬೇಟೆಯ ದಿನದವರೆಗೂ ಹಚ್ಚಲಿಲ್ಲ ಎಂದು ಎದೆ ತಟ್ಟಿಕೊಳ್ಳುವವರೇ ಎಲ್ಲರೂ. ಆ ಜನ ನನಗೆ ಜಿಪುಣ ಎಂದರು! ಮೈ ಉರಿಯದೆ ಇರುತ್ತದೆಯೇ? ಮೈಯೊಂದು ಉರಿಯಿತು, ಅಷ್ಟೇ. ಮನೆ ತಣ್ಣಗೇ ಇತ್ತು.

ಆಮೇಲೆ ಶುರುವಾಯಿತು ಉಪಕಾರ. ಬೈಗುಳ ತಡೆದುಕೊಳ್ಳಬಹುದು, ತಿರುಗಿ ಬಯ್ಯುವ ಅನುಕೂಲವಾದರೂ ಇರುತ್ತದೆ. ಉಪಕಾರಕ್ಕೆ ಏನು ಮಾಡುವುದು? ಚರ್ಚಿನ ಹೆಂಗಸರು ಚಿಂದಿ ಹೊಲಿದ ಕೌದಿಗಳನ್ನು ಹೊತ್ತು ತಂದರು. ಯಾರೋ ಒಬ್ಬರು ಸೀಳಿದ ಸೌದೆಯ ಗುಡ್ಡೆ ಇಳಿಸಿಹೋದರು. ಸೌದೆ ಉರಿಸುವ ಒಲೆಯಾಗಲಿ ಚಿಮಣಿಯಾಗಲಿ ಇಲ್ಲದ ಮನೆಗೆ. ಟ್ಯೂನಾ ಮೀನು ಹಾಕಿ ಬೇಯಿಸಿದ ನೂಡಲ್ಸಿನ ಪಾತ್ರೆಗಳು ಬಂದವು, ಒಂದರ ಹಿಂದೊಂದು, ಎಲ್ಲದರ ರುಚಿಯೂ ಒಂದೇ. ಕೊನೆಗೆ ಪಾಸ್ಟರ್ ಗ್ರೆಚೆನ್ ಅಮ್ಮ ತಾವೇ ಬಂದು, ನನ್ನ ಎರಡೂ ಕೈ ಹಿಡಿದುಕೊಂಡು, ನಮ್ಮ ಊಟದ ಮನೆಯ ನಡುವೆ ಕಣ್ಣು ಮುಚ್ಚಿದರು.

"ದೇವರೇ, ಈ ನಿನ್ನ ಮಗ ಡೇಲನ ಬಿಗಿದ ಮುಷ್ಟಿ ಸಡಿಲವಾಗಲಿ."

"ಅಮ್ಮಾ, ನನ್ನ ಮುಷ್ಟಿಗೇನಾಗಿಲ್ಲ. ಕೆಳಗಡೆ ಫರ್ನೇಸು..."

"ಸುಳ್ಳಿನಿಂದಲೂ ಅವನನ್ನು ಬಿಡಿಸು ತಂದೆಯೇ. ಆಮೆನ್. ಡೇಲ್, ಆಮೆನ್ ಅನ್ನಪ್ಪಾ."

ಕೈ ಅವರ ಹಿಡಿತದಲ್ಲಿತ್ತು. ಆಮೆನ್ ಎಂದೆ.

ಮರುದಿನವೇ ಫರ್ನೇಸು ಬೆಳಿಗ್ಗೆ ನಿಂತು ಮಧ್ಯಾಹ್ನ ಹತ್ತಿಕೊಂಡಿತು. ಸಾಕಾಗಿ ಹೋಗಿ ಥರ್ಮೋಸ್ಟಾಟನ್ನು ತಿರುಗಿಸುವಷ್ಟು ತಿರುಗಿಸಿ ಬಿಟ್ಟೆ. ಯಾವನಾದರೂ ಬರಲಿ, ನನ್ನ ಜಿಪುಣತನವನ್ನು ಕಣ್ಣಾರೆ ನೋಡಲಿ! ಬಂದಳು. ಬಡವರ ಮನೆ ಬಿಸಿಮಾಡಲು ಹಣ ಕೊಡುವ ಕೌಂಟಿ ಕಛೇರಿಯಿಂದ ಒಬ್ಬಾಕೆ, ಉಣ್ಣೆ ಟೋಪಿ, ದಪ್ಪ ಕೋಟು, ಬಗಲಲ್ಲಿ ಅರ್ಜಿ ಕಾಗದದ ಕಟ್ಟು. ನಾನು ಬಾಗಿಲು ತೆರೆದದ್ದು ಬನಿಯನ್ನಿನಲ್ಲಿ, ಹಣೆಯಿಂದ ಬೆವರು ಇಳಿಯುತ್ತಿತ್ತು. ಆಕೆ ಒಳಗೆ ಕಾಲಿಟ್ಟ ಕೂಡಲೇ ಕನ್ನಡಕ ಮಂಜಾಯಿತು. ಒರೆಸಿಕೊಂಡಳು. ಮತ್ತೆ ಮಂಜಾಯಿತು.

"ಈ ಮನೆಯಲ್ಲಿ ಬಿಸಿಯಿಲ್ಲ, ಮಗು ಇದೆ ಅಂತ ಯಾರೋ ಫೋನ್ ಮಾಡಿದ್ರು."

"ಹೌದು ಮೇಡಂ. ಬಿಸಿ ಇಲ್ಲ."

ಆಕೆ ಟೋಪಿ ತೆಗೆದಳು. ಕೋಟಿನ ಗುಂಡಿ ಬಿಚ್ಚಿದಳು. "ಇಲ್ಲಿ ಟೊಮೆಟೊ ಬೆಳೀಬಹುದಲ್ರೀ."

"ಈಗ ಇದೆ. ಬೆಳಿಗ್ಗೆ ಇರ್ಲಿಲ್ಲ. ನಾಳೆ ಬೆಳಿಗ್ಗೆ ಬನ್ನಿ, ಇರಲ್ಲ."

"ನೋಡಿ ಇವರೇ, ಈ ಚಳಿಯಲ್ಲಿ ನಿಜವಾಗ್ಲೂ ಬಿಸಿಯಿಲ್ಲದ ಮುದುಕರು ಮುದುಕಿಯರು ಎಷ್ಟು ಜನ ಇದ್ದಾರೆ ಗೊತ್ತಾ? ಅವರ ಪಾಲಿನದ್ದು ಹೊಡ್ಕೊಳ್ಳೋಕೆ ನಿಮಗೆ ನಾಚಿಕೆ ಆಗಲ್ವಾ?"

"ನಾನು ನಿಮ್ಮನ್ನ ಕರೀಲೇ ಇಲ್ಲ!"

"ಹಾಗಾದ್ರೆ ಯಾಕೆ ಬಿಸಿ ಇಲ್ಲ ಅಂದ್ರಿ?"

ಹೀಗೆ ಕೇಳಿ, ಕೋಟನ್ನು ತೋಳಿನ ಮೇಲೆ ಹಾಕಿಕೊಂಡು, ನಮ್ಮ ಟೊಮೆಟೊ ತೋಟದಿಂದ ಹೊರಗೆ ನಡೆದಳು. ಮರುದಿನದ ಬೇಕರಿಯ ಸುದ್ದಿಯಲ್ಲಿ ನಾನು ಜಿಪುಣ ಮಾತ್ರವಲ್ಲ, ಸರ್ಕಾರಕ್ಕೆ ಟೋಪಿ ಹಾಕಲು ಹೊರಟವನು.

ಈ ಅವಮಾನದ ಮೇಲೆ ಬಂದದ್ದೇ ಸೌನಾದ ನಾಯಿಗೂಡಿನ ಮಾತು. ಅದಾದ ಮೇಲೆ ಫರ್ನೇಸಿಗೆ ಹುಚ್ಚೇ ಹಿಡಿಯಿತು. ಮುಂಚೆ ಮಧ್ಯಾಹ್ನಕ್ಕಾದರೂ ಏಳುತ್ತಿದ್ದದ್ದು ಈಗ ಸಂಜೆಯಾದರೂ ಏಳದು. ಮೊದಲೆಲ್ಲ ದೊಡ್ಡ ಹಿಮ ಬಿದ್ದರೆ ನಿಲ್ಲುತ್ತಿತ್ತು, ಈಗ ನಾಲ್ಕು ಎಸಳು ಉದುರಿದರೂ ಸಾಕು. ಆರ್ಮಸ್ ಒಬ್ಬ ಮಾತ್ರ ನನ್ನ ಬಗ್ಗೆ ಬಾಯಿ ಬಿಡದೆ, ನಾನು ಕತ್ತಲಲ್ಲೇ ಟೈರಿನ ಅಂಗಡಿಗೆ ಹೋದ ಮೇಲೆ, ತನ್ನ ಹಿಮ ತೂರುವ ಯಂತ್ರ ತಂದು ನಮ್ಮ ಅಂಗಳ ಸ್ವಚ್ಛ ಮಾಡಿಟ್ಟಿರುತ್ತಿದ್ದ. ಯಾರೂ ಹೇಳಿದ್ದಲ್ಲ, ಯಾರೂ ಕೇಳಿದ್ದಲ್ಲ. ಅದು ಇಲ್ಲಿಯ ರೂಢಿ. ಎದುರಿಗೆ ಸಿಕ್ಕಿದಾಗ ಕೈಯೆತ್ತಿದರೆ ಅಲ್ಲಿಗೆ ಮುಗಿಯಿತು. ಜಾಸ್ತಿ ಕೃತಜ್ಞತೆ ತೋರಿಸಿದರೆ ಅವನಿಗೇ ಸಂಕೋಚ. ಲೋಕವೆಲ್ಲ ಮುಖಕ್ಕೆ ಉಗಿಯುತ್ತಿದ್ದಾಗ ಈ ಒಬ್ಬ ಮನುಷ್ಯನಾದರೂ ಮನುಷ್ಯನಂತಿದ್ದಾನಲ್ಲ ಎಂದುಕೊಂಡೆ.

ಒಂದು ಸಂಜೆ ಮನೆಗೆ ಬಂದರೆ ಮಾರ್ನಿ ಕೋಟು ಬೂಟು ಹಾಕಿ ಕೂತಿದ್ದಳು. ಮಗು ಎಲ್ಸಿಯನ್ನು ಎಷ್ಟು ಕೌದಿಗಳಲ್ಲಿ ಸುತ್ತಿದ್ದಳೆಂದರೆ, ಒಳಗೆ ಮಗು ಇದೆಯೆಂದು ಗೊತ್ತಾಗುವುದು ಸೀನಿದಾಗ ಮಾತ್ರ. ಹೊರಗೆ ಮಾವನ ಟ್ರಕ್ಕು ಎಂಜಿನ್ ಆರಿಸದೆ ನಿಂತಿತ್ತು.

"ಡೇಲ್, ಒಂದು ಕೇಳ್ತೀನಿ, ನಿಜ ಹೇಳು. ಥರ್ಮೋಸ್ಟಾಟ್ ನೀನು ಮುಟ್ಟಿಲ್ಲ ತಾನೆ?"

"ನೀನೂನಾ? ಮಾರ್ನಿ, ನೀನೂನಾ?"

"ಕೇಳಿದ್ದಕ್ಕೆ ಉತ್ತರ ಹೇಳು."

"ಮುಟ್ಟಿಲ್ಲ! ಮುಟ್ಟಿದ್ದು ಒಂದೇ ಸಲ, ಅದೂ ಏರಿಸೋಕೆ!"

"ಸರಿ, ನಂಬಿದೆ. ಆದ್ರೆ ನನ್ನ ನಂಬಿಕೆ ಇಟ್ಕೊಂಡು ಇವಳ ಕಾಲು ಬಿಸಿಯಾಗಲ್ಲ ಕಣೋ. ಅದು ಯಾಕೆ ನಿಲ್ಲುತ್ತೆ ಅಂತ ಕಂಡುಹಿಡಿ. ಮತ್ತೆ ನಿಲ್ಲಲ್ಲ ಅಂತ ನಂಗೆ ಹೇಳು. ಅವತ್ತು ಬರ್ತೀನಿ."

ಟ್ರಕ್ಕಿನ ಕಿಟಕಿ ಇಳಿಯಿತು. "ಮಾರ್ನಿ, ಬೇಗ ಬಾಮ್ಮಾ, ಮಗುಗೆ ಗಾಳಿ ತಾಗುತ್ತೆ. ಏಯ್ ಡೇಲ್, ಈಗ ಇನ್ನೂ ಉಳಿತಾಯ ಆಗುತ್ತೆ ನೋಡು, ಒಬ್ಬನಿಗೆ ಎಷ್ಟು ಬಿಸಿ ಬೇಕು! ವಸಂತಕ್ಕೆ ನೋಡೋಣ, ಕಳಿಸಬೇಕೋ ಬೇಡವೋ ಅಂತ."

ವಸಂತ! ನಮ್ಮಲ್ಲಿ ವಸಂತ ಮೇ ತಿಂಗಳಿಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಷ್ಟರಲ್ಲಿ ಮಗು ತಾತನ ಮಡಿಲಲ್ಲಿ ಕೂತು, ಅಪ್ಪ ಅಂದರೆ ಚಳಿ ಎಂದು ಮಾತು ಕಲಿತಿರುತ್ತದೆ.

ಮುಂದಿನ ಹಿಮಗಾಳಿಗೆ ರಸ್ತೆಗಳು ಮುಚ್ಚಿ ಟೈರಿನ ಅಂಗಡಿಗೆ ರಜೆ ಬಿತ್ತು. ಬೆಳಗಾದ ಕೂಡಲೇ ನಾನು ನೆಲಮಾಳಿಗೆಗೆ ಇಳಿದು ಫರ್ನೇಸಿನ ಎದುರು ಬಕೆಟ್ಟು ಬೋರಲು ಹಾಕಿ ಕೂತೆ. ಮುಚ್ಚಳ ತೆಗೆದಿಟ್ಟಿದ್ದೆ. ಅದು ನನ್ನನ್ನು ನೋಡುತ್ತಿತ್ತು, ನಾನು ಅದನ್ನು. ನೀಲಿ ಜ್ವಾಲೆ ಸಾಲಾಗಿ ಉರಿಯುತ್ತಿತ್ತು. "ನಿಲ್ಲು ಮಗನೇ, ನನ್ನ ಕಣ್ಣೆದುರು ನಿಲ್ಲು ನೋಡೋಣ" ಎಂದೆ.

ಬಿಳಿ ಕೊಳವೆಯೊಳಗಿಂದ, ದೂರದಿಂದ ಬಂದ ಹಾಗೆ, ಢರ್ರ್ ಎನ್ನುವ ಸದ್ದು ಕೇಳಿಸಿತು. ಆರ್ಮಸನ ಯಂತ್ರ. ಪಾಪ, ಇಂಥ ಗಾಳಿಯಲ್ಲೂ ಬಂದನಲ್ಲ ಎಂದುಕೊಂಡೆ. ಸದ್ದು ಗೋಡೆಯುದ್ದಕ್ಕೂ ಹೋಯಿತು, ಬಂತು, ನಿಂತಿತು. ಆಮೇಲೆ ಥಪ್. ಥಪ್ ಥಪ್. ರೊಟ್ಟಿ ತಟ್ಟಿದ ಹಾಗೆ. ಫರ್ನೇಸು ಕೆಮ್ಮಿತು. ಥಪ್. ನೀಲಿ ಜ್ವಾಲೆ ನಡುಗಿತು. ಥಪ್ ಥಪ್. ಟಕ್. ಕೆಂಪು ದೀಪ.

ಮೆಟ್ಟಿಲು ಹೇಗೆ ಹತ್ತಿದೆನೋ ತಿಳಿಯದು. ಮನೆಯೊಳಗಿನ ಚಪ್ಪಲಿಯಲ್ಲೇ ಹೊರಗೋಡಿ ಮೂಲೆ ತಿರುಗಿದರೆ, ಆರ್ಮಸ್ ಹಿಮ ತಳ್ಳುವ ದೊಡ್ಡ ಮೊರದ ಬೆನ್ನಿನಿಂದ ನಮ್ಮ ಗೋಡೆಗೆ ಕಿಟಕಿಯ ಮಟ್ಟದವರೆಗೆ ಒಟ್ಟಿದ ಹಿಮವನ್ನು ತಟ್ಟುತ್ತಿದ್ದ. ಅಂಚು ಕೊರೆದು, ಇಳಿಜಾರು ಕೊಟ್ಟು, ನುಣ್ಣಗೆ, ಮದುವೆಯ ಕೇಕಿನ ಹಾಗೆ.

"ಬಂದ್ಯಾ ಮಗಾ" ಎಂದ. ಆ ಮುಖದಲ್ಲಿ ಅಂಥ ಸಂತೋಷ ನಾನು ಹಿಂದೆ ಕಂಡಿರಲಿಲ್ಲ. "ನೋಡು, ಹೇಗೆ ಹೊದಿಸಿದ್ದೀನಿ. ಗೋಡೆಗೆ ಹಿಮ ಹೊದಿಸಿದ್ರೆ ಮನೆ ಬೆಚ್ಚಗಿರುತ್ತೆ. ನಮ್ಮಪ್ಪ ಹೀಗೇ ಮಾಡ್ತಿದ್ದ, ಗಣಿ ಮನೆಗಳಲ್ಲಿ ಎಲ್ರೂ ಮಾಡ್ತಿದ್ರು. ಈಗಿನವರಿಗೆ ಎಲ್ಲಿ ಗೊತ್ತು? ಮೊದಲ ಹಿಮದಿಂದ ಅಷ್ಟಿಷ್ಟು ಹಾಕ್ತಿದ್ದೆ. ಅವತ್ತು ಸೌನಾದಲ್ಲಿ ಕ್ಲೈಡ್ ಹಾಗಂದ್ನಲ್ಲ, ಆಮೇಲೆ ದಿನಾ ಮೂರು ಪಟ್ಟು ಹಾಕ್ತಿದ್ದೀನಿ."

ಬಹುಶಃ ಅವನು ಆ ವರ್ಷ ಆಡಿದ ಅತಿ ಉದ್ದನೆಯ ಮಾತು ಅದು.

"ಆರ್ಮಸ್, ಅಲ್ಲಿ ಪೈಪಿದೆ! ಎರಡು ಬಿಳೀ ಪೈಪು!"

"ಹೂಂ, ಇದೆಯಲ್ಲ. ಅದೇ ಮಗಾ ಆ ಮನೆಗೆ ಕೇಡು. ಬಾಯಿ ತೆರಕೊಂಡು ಕೂತಿದೆ, ಥಂಡಿಯೆಲ್ಲ ಅಲ್ಲಿಂದ್ಲೇ ಒಳಗೆ ನುಗ್ಗೋದು. ಅದಕ್ಕೇ ಮೊದಲು ಅದರ ಬಾಯಿಗೇ ತುಂಬ್ತೀನಿ. ಮೊರದ ಹಿಡಿಯಿಂದ ಒಂದಿಷ್ಟು ಒಳಕ್ಕೂ ಒತ್ತಿಬಿಡ್ತೀನಿ."

"ಫರ್ನೇಸು ಉಸಿರಾಡೋದೇ ಅದರಲ್ಲಿ ಕಣಯ್ಯಾ!"

"ಗೋಡೆಯಲ್ಲಿ ಉಸಿರಾಡುತ್ತಾ?" ಆರ್ಮಸ್ ನನ್ನ ಮೇಲೆ ಕನಿಕರಪಟ್ಟ. "ಮನೆ ಉಸಿರಾಡೋದು ಚಿಮಣಿಯಲ್ಲಿ ಮಗಾ. ನೀನು ಅದಕ್ಕೆ ಗಾರೆ ಮೆತ್ತಿದ್ದೀಯ. ನಾನು ಅವತ್ತೇ ಅನ್ಕೊಂಡೆ, ಹೇಳೋದು ಬೇಡ ಅಂತ ಸುಮ್ಮನಿದ್ದೆ."

ಮಾತಿನಲ್ಲಿ ಆಗುವ ಕೆಲಸವಲ್ಲವೆಂದು ನಾನು ಮಂಡಿಯೂರಿ ಬರಿಗೈಯಲ್ಲಿ ಅವನ ಕೇಕನ್ನು ಬಗೆಯತೊಡಗಿದೆ. "ಅಯ್ಯೋ, ಅಯ್ಯೋ" ಎನ್ನುತ್ತಿದ್ದ. ಕೊಳವೆಯ ಬಾಯಿ ಸಿಕ್ಕಿತು. ಒಳಗೆ ತುರುಕಿದ ಹಿಮದ ಬಿರಡೆಯನ್ನು ಬೆರಳು ಹಾಕಿ ಕಿತ್ತೆ. ಇಷ್ಟು ದಿನ ಮಧ್ಯಾಹ್ನದ ಹೊತ್ತಿಗೆ ತಾನಾಗೇ ಕರಗಿ ದಾರಿ ಬಿಡುತ್ತಿದ್ದದ್ದು ಇದೇ. ಓಡಿಹೋಗಿ ಫರ್ನೇಸಿನ ಗುಂಡಿ ಒತ್ತಿ, ಓಡಿ ಬಂದೆ. ಆರ್ಮಸ್ ಬಗ್ಗಿ ಕೊಳವೆಯೊಳಗೆ ಇಣುಕುತ್ತಿದ್ದ. ಗೋಡೆಯ ಒಳಗೆಲ್ಲೋ ಗುರ್ ಎಂದಿತು. ಕೊಳವೆ ಒಂದು ಸಲ ಕೆಮ್ಮಿ, ಬೆಚ್ಚನೆಯ ಒದ್ದೆ ಉಸಿರನ್ನು ನೇರವಾಗಿ ಅವನ ಮುಖಕ್ಕೆ ಬಿಟ್ಟಿತು.

ಅವನ ಕನ್ನಡಕ ಬೆಳ್ಳಗಾಯಿತು. ಒರೆಸಿಕೊಳ್ಳಲಿಲ್ಲ. ಹಾಗೇ ಬಗ್ಗಿಕೊಂಡಿದ್ದ.

ನಾನು ಬಯ್ದೆ. ಬಯ್ಯದೆ ಬಿಟ್ಟೆನೆಂದುಕೊಂಡಿರಾ? ನವೆಂಬರಿನಿಂದ ಒಳಗೆ ಕೂಡಿಟ್ಟದ್ದನ್ನೆಲ್ಲ ಆ ಗಾಳಿಯಲ್ಲಿ ಹೊರಗೆ ಹಾಕಿದೆ. ಮಾವನಿಗೆ ಹೇಳಬೇಕಿದ್ದದ್ದು, ಕೌಂಟಿಯವಳಿಗೆ ಹೇಳಬೇಕಿದ್ದದ್ದು, ಬೇಕರಿಗೆ ಹೇಳಬೇಕಿದ್ದದ್ದು, ಎಲ್ಲವನ್ನೂ ಈ ಮುದುಕನ ತಲೆಗೇ ಸುರಿದೆ. ನಿನ್ನಿಂದ ನನ್ನ ಹೆಂಡತಿ ಹೋದಳು, ನಿನ್ನಿಂದ ನನ್ನ ಮಗು ಹೋಯಿತು, ನಿನ್ನ ಅಪ್ಪನ ಬುದ್ಧಿಯನ್ನು ನಿನ್ನ ಗೋಡೆಗೆ ಮೆತ್ತಿಕೋ ಎಂದೆ.

"ಹಾಗಾದ್ರೆ ಮಗುಗೆ ಚಳಿ ಮಾಡಿದ್ದು..." ಎಂದ ಆರ್ಮಸ್. ಮೊರವನ್ನು ಹೆಗಲ ಮೇಲಿಟ್ಟುಕೊಂಡು, ಯಂತ್ರವನ್ನು ನಮ್ಮ ಅಂಗಳದ ನಡುವೆಯೇ ಬಿಟ್ಟು, ಕನ್ನಡಕ ಒರೆಸದೆಯೇ ಮನೆಗೆ ನಡೆದ. ತನ್ನ ಬೇಲಿಯ ಗೂಟ ಎಡವಿದ ಕೂಡ.

ಫರ್ನೇಸು ಅವತ್ತಿನಿಂದ ಒಂದು ಕ್ಷಣವೂ ನಿಲ್ಲಲಿಲ್ಲ. ಮಾರ್ನಿಗೆ ಫೋನು ಮಾಡಿದೆ.

"ಸಿಕ್ತು! ಏನಂತ ಗೊತ್ತಾಯ್ತು! ಇನ್ನು ನಿಲ್ಲಲ್ಲ!"

"ಏನಾಗಿತ್ತು?"

"ಈಗ ಹೇಳಲ್ಲ. ಬುಧವಾರ ಚರ್ಚಿನ ಸೂಪ್ ಊಟಕ್ಕೆ ಬರ್ತೀರಲ್ಲ, ಅಲ್ಲಿ ಹೇಳ್ತೀನಿ. ನಿಮ್ಮಪ್ಪನ ಎದುರು, ಎಲ್ಲರ ಎದುರು."

ಟೈರಿನ ಅಂಗಡಿಯಲ್ಲಿ ದಿನವಿಡೀ ಭಾಷಣ ಅಭ್ಯಾಸ ಮಾಡಿದೆ. ಸಾಲಾಗಿ ಪೇರಿಸಿದ ಟೈರುಗಳು ಬಾಯಿ ತೆರೆದು ಕೇಳಿದವು. ಮೊದಲು ಮೆಲ್ಲಗೆ ಶುರು ಮಾಡುವುದು, ನಡುವೆ ಮಾವನ ಕಡೆ ತಿರುಗುವುದು, ಕೊನೆಗೆ ಕ್ಷಮೆ ಕೇಳಿಸುವುದು. ಒಬ್ಬೊಬ್ಬರಿಂದಲೂ.

ನಡುವೆ ಶನಿವಾರ ಬಂತು. ಆರ್ಮಸನ ಸೌನಾದಿಂದ ಹೊಗೆ ಏಳಲಿಲ್ಲ. ಬೀದಿಯ ಗಂಡಸರು ಟವೆಲ್ಲು ಬಗಲಲ್ಲಿಟ್ಟುಕೊಂಡು ಬಂದು, ಮುಚ್ಚಿದ ಬಾಗಿಲು ನೋಡಿ, ಗೊಣಗುತ್ತಾ ಹೋದರು. ಹೆಂಡತಿ ತೀರಿಕೊಂಡ ವಾರವೂ ಆ ಒಲೆ ಹೊತ್ತಿಸಿದ್ದ ಮನುಷ್ಯ. ಅವನ ಬಾಗಿಲ ಮುಂದೆ ಬಿದ್ದ ಹಿಮವನ್ನು ಅವನೇ ಎತ್ತಿರಲಿಲ್ಲ. ನನಗೇನು? ನನಗೆ ಅವನ ಮೇಲೆ ಇನ್ನೂ ಸಿಟ್ಟಿತ್ತು. ಅವನ ಯಂತ್ರ ನಮ್ಮ ಅಂಗಳದಲ್ಲಿ ಅಡ್ಡವಾಗಿತ್ತು, ಪೆಟ್ರೋಲೂ ತುಂಬಿತ್ತು, ಆದ್ದರಿಂದ ಅವನ ದಾರಿಯನ್ನೂ ತೂರಿ ಯಂತ್ರವನ್ನು ಅವನ ಕೊಟ್ಟಿಗೆಯಲ್ಲಿ ನಿಲ್ಲಿಸಿ ಬಂದೆ. ಪರದೆ ಅಲುಗಿತು. ಬಾಗಿಲು ತೆರೆಯಲಿಲ್ಲ. ಮೈಯೆಲ್ಲ ಮತ್ತೆ ಉರಿಯಿತು. ಅನ್ಯಾಯವಾದದ್ದು ನನಗೆ, ಮುಖ ಮುಚ್ಚಿಕೊಂಡು ಕೂರುವುದು ಇವನು!

ಬುಧವಾರ ಚರ್ಚಿನ ಕೆಳಗಿನ ಊಟದ ಕೋಣೆಯಲ್ಲಿ ಬಟಾಣಿ ಸೂಪಿನ ಹಬೆ ತುಂಬಿತ್ತು. ಮಾವ ಉದ್ದ ಮೇಜಿನ ತಲೆಯಲ್ಲಿ ಕೂತಿದ್ದರು, ಪಕ್ಕದಲ್ಲಿ ಮಾರ್ನಿ, ಇಬ್ಬರ ನಡುವೆ ನೆಲದ ಮೇಲೆ ಹಿಡಿಕೆಯ ಬುಟ್ಟಿಯಲ್ಲಿ ಎಲ್ಸಿ. ಆ ತುದಿಯಲ್ಲಿ ಕಂಬದ ಮರೆಗೆ ಆರ್ಮಸ್. ಅವನ ಎದುರಿಗಿದ್ದ ಸೂಪಿನ ಮೇಲೆ ಕೆನೆಗಟ್ಟಿತ್ತು.

"ಬಾಪ್ಪಾ ಬಾ" ಎಂದರು ಮಾವ, ಎಲ್ಲರಿಗೂ ಕೇಳುವ ಹಾಗೆ. "ಫರ್ನೇಸು ಈಗ ನಿಲ್ತಾನೇ ಇಲ್ವಂತೆ. ಮಗಳನ್ನ ಕರಕೊಂಡು ಬಂದ ಮೇಲೆ ಹೇಗೆ ಬುದ್ಧಿ ಬಂತು ನೋಡಿ!"

"ಪ್ರಾರ್ಥನೆ ವ್ಯರ್ಥ ಆಗಲ್ಲ" ಎಂದರು ಪಾಸ್ಟರ್ ಅಮ್ಮ, ಸೌಟು ಹಿಡಿದುಕೊಂಡೇ.

"ಫರ್ನೇಸಿಗಾ ಬುದ್ಧಿ ಬಂದದ್ದು, ಇವನಿಗಾ?" ಎಂದಿತು ಯಾವುದೋ ಬಾಯಿ. ನಕ್ಕರು.

ಮಾವ ಕೈಯೆತ್ತಿ ನಗು ನಿಲ್ಲಿಸಿದರು. "ಇರ್ರಯ್ಯಾ. ಹುಡುಗ ಎಲ್ಲರ ಎದುರು ಹೇಳ್ತೀನಿ ಅಂದಿದ್ದಾನೆ, ಹೇಳ್ಲಿ. ಡೇಲ್, ನಾನೇನೂ ಕಟುಕನಲ್ಲ. ನೀನೇ ಆರಿಸ್ತಿದ್ದೆ ಅಂತ ಒಪ್ಕೊಂಡ್ಬಿಡು, ಇವತ್ತೇ ಕಳಿಸ್ತೀನಿ. ಅಲ್ಲ ಅಂದ್ರೆ, ಯಾಕೆ ನಿಲ್ತಿತ್ತು, ಯಾರಿಂದ ನಿಲ್ತಿತ್ತು? ಹೇಳು."

ಮಾರ್ನಿ ನನ್ನನ್ನೇ ನೋಡುತ್ತಿದ್ದಳು. ಭಾಷಣ ನನ್ನ ನಾಲಿಗೆಯ ತುದಿಯಲ್ಲಿ ಬಂದು ನಿಂತಿತ್ತು, ಮೊದಲ ಮಾತು ಮೆಲ್ಲಗೆ.

ಕಂಬದ ಹತ್ತಿರ ಕುರ್ಚಿ ಕಿರುಗುಟ್ಟಿತು. ಆರ್ಮಸ್ ಎರಡೂ ಅಂಗೈ ಮೇಜಿನ ಮೇಲೆ ಊರಿ ಏಳುತ್ತಿದ್ದ. ಕಿವಿ ಕೆಂಪಗಾಗಿತ್ತು, ಬಾಯಿ ತೆರೆದಿತ್ತು, ಮಾತು ಇನ್ನೂ ಬಂದಿರಲಿಲ್ಲ. ಅವನ ಮಾತು ಹೊರಡುವುದಕ್ಕೆ ಯಾವಾಗಲೂ ಹೊತ್ತು ಹಿಡಿಯುತ್ತದೆ.

ಅದು ಹೊರಡುವ ಮೊದಲೇ ನಾನು ಬಗ್ಗಿ ಬುಟ್ಟಿಯ ಹಿಡಿಕೆ ಹಿಡಿದು ಮಗುವನ್ನು ಎತ್ತಿಕೊಂಡೆ. ಬೇಕೆಂದೇ ಮಾವನ ಕುರ್ಚಿಯ ಕಾಲಿಗೆ ಬೂಟಿನಿಂದ ಒದ್ದು ಸದ್ದು ಮಾಡಿ, ಬಾಗಿಲ ಕಡೆ ನಡೆದೆ. ಎಲ್ಲ ತಲೆಗಳೂ ನನ್ನ ಕಡೆಗೇ ತಿರುಗಿದವು, ಸೂಪು ಬಡಿಸುವವರದೂ ಸೇರಿ. ಕಂಬದ ಕ‌ಡೆ ನೋಡಲು ಯಾರೂ ಉಳಿಯಲಿಲ್ಲ.

"ಏಯ್! ಎಲ್ಲಿಗೋ? ಕೇಳಿದ್ದಕ್ಕೆ ಉತ್ತರ ಕೊಡು!" ಮಾವನ ದನಿ ಏರಿತು. "ನೋಡಿದ್ರಾ? ನೋಡಿದ್ರಾ ಎಲ್ರೂ? ಇವನ ಹತ್ರ ಉತ್ತರ ಇಲ್ಲ! ನಾನು ಹೇಳಿರ್ಲಿಲ್ವಾ?"

"ಅಪ್ಪಾ, ಸ್ವಲ್ಪ ಸರೀರಿ, ನನ್ನ ಬೂಟು ನಿಮ್ಮ ಕುರ್ಚಿ ಕೆಳಗಿದೆ" ಎಂದು ಮಾರ್ನಿ ಹೇಳಿದ್ದು ಕೇಳಿಸಿತು.

"ನೀನೆಲ್ಲಿಗೆ? ಅವನು ಏನೂ ಹೇಳೇ ಇಲ್ವಲ್ಲೇ!"

"ಹೂಂ, ಕೇಳಿಸ್ತು. ಸರೀರಿ."

ನಾನು ತಿರುಗಿ ನೋಡಲಿಲ್ಲ. ಬುಟ್ಟಿ ಭಾರವಾಗಿತ್ತು, ಮೆಟ್ಟಿಲು ಕಡಿದಾಗಿತ್ತು, ಹಲ್ಲು ಕಚ್ಚಿಕೊಂಡು ಹತ್ತುತ್ತಾ ಹೋದೆ.